ಶ್ರೀಮಾನ್ ಚಿಲ್ಲರೆಯವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಚಿಲ್ಲರೆಯವರು
ಖಾಯಂ ವಿಳಾಸ: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ಟಂಕಸಾಲೆಗಳು
ಹಾಲಿ ವಾಸ: ದೇವರ ಗೂಡಿನ ಡಬ್ಬಿ, ಸೋಫಾ ಸಂದಿ, ಕಾವೇರಿಯ ತಳ

ವಿಷಯ: ತಾವು ಕರ್ತವ್ಯಕ್ಕೆ ಅನಧಿಕೃತವಾಗಿ ಗೈರುಹಾಜರಾಗಿರುವ ಬಗ್ಗೆ.
ಉಲ್ಲೇಖ: ‘ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ’ ಎಂಬ ಬಸ್ಸಿನೊಳಗಿನ ಬರಹ.

ಮಾನ್ಯರೇ,

2025ರ ಜುಲೈನಲ್ಲಿ ಬೆಂಗಳೂರಿನ ಬಾಯಲ್ಲೆಲ್ಲ ಇದ್ದಕ್ಕಿದ್ದಂತೆ ತಮ್ಮದೇ ಹೆಸರು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದೇ ತಡ, ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಗಲ್ಲಾದ ಮುಂದಿದ್ದ ಕ್ಯೂಆರ್ ಕೋಡ್ ಮಾಯವಾಗಿ, ಆ ಗೋಂದಿನ ಗುರುತಿನ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ರಟ್ಟಿನ ಬೋರ್ಡು ಬಂತು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದುಡ್ಡು ಫೋನಿಗೆ ಬಂದರೂ ಅಷ್ಟೇ, ಕೈಗೆ ಬಂದರೂ ಅಷ್ಟೇ ಎಂದು ಇಲಾಖೆ ಹೇಳುತ್ತಲೇ ಇತ್ತು. ಕೇಳುವವರು ಯಾರು? ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಬಂದ ಸುದ್ದಿ ಊರೆಲ್ಲ ಓಡಾಡಿದ ಮೇಲೆ, ತಾಜಾ ತರಕಾರಿಗೆ ತೆರಿಗೆಯೇ ಇಲ್ಲವಲ್ಲ ಎಂದು ಎಲ್ಲರಿಗೂ ನೆನಪಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ, ಹಳೇ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಗಲಾಟೆ ತಣ್ಣಗಾಯಿತು.

ಅಷ್ಟು ದಿನ ತಮ್ಮನ್ನು ಹುಡುಕದ ಜಾಗವಿಲ್ಲ. ಟೀ ಕುಡಿದವನ ಕೈಯಲ್ಲಿ 500ರ ನೋಟು, ಟೀ ಮಾರಿದವನ ಗಲ್ಲಾದಲ್ಲೂ 500ರ ನೋಟು. ಇಬ್ಬರೂ ಸ್ಥಿತಿವಂತರೇ, ತಾವೊಬ್ಬರಿಲ್ಲದೆ ಇಬ್ಬರೂ ಬಡವರು.

ತಮ್ಮ ಗೈರುಹಾಜರಿಯ ಬಿಸಿ ಹೆಚ್ಚು ತಟ್ಟುವುದು ಬಿಎಂಟಿಸಿ ಬಸ್ಸಿನಲ್ಲಿ. ಕಂಡಕ್ಟರ್ ಬೆಳಿಗ್ಗೆ ಡಿಪೋದಿಂದ ಹೊರಡುವಾಗ ಚೀಲದಲ್ಲಿ ತಾವು ಇರುವುದು ಕಮ್ಮಿ. ಮೊದಲ ಟ್ರಿಪ್ಪಿನ ಮೊದಲ ಪ್ರಯಾಣಿಕನೇ 200ರ ನೋಟು ಚಾಚುತ್ತಾನೆ. “ಚಿಲ್ರೆ ಕೊಡಿ ಸಾರ್.” “ಇಲ್ಲ ಸ್ವಾಮಿ, ಇದೇ ಇರೋದು.” “ಎಲ್ರೂ ಹಿಂಗೇ ಅಂದ್ರೆ ನಾನೇನ್ ಮಿಂಟ್ ಇಟ್ಟಿದೀನಾ?” ಈ ಮೂರು ಮಾತಿನ ನಾಟಕ ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೆ ಪ್ರತಿ ಸ್ಟಾಪಿನಲ್ಲೂ ನಡೆಯುತ್ತದೆ. ಆಮೇಲೆ ಟಿಕೆಟ್ಟಿನ ಬೆನ್ನ ಮೇಲೆ ಬಾಲ್ ಪೆನ್ನಿನಿಂದ ಬಾಕಿಯ ಅಂಕಿ ಬೀಳುತ್ತದೆ. ‘ಇಳಿಯೋವಾಗ ಇಸ್ಕೊಳ್ಳಿ’ ಎಂಬ ಭರವಸೆಯೂ ಸಿಗುತ್ತದೆ. ಕಾಗದ ಇಷ್ಟಗಲ, ಅದಕ್ಕೆ ಠಸ್ಸೆಯಿಲ್ಲ, ಸಾಕ್ಷಿಯಿಲ್ಲ. ಆದರೂ ನಗರದ ಅರ್ಧ ಜನ ಅದನ್ನು ನಂಬಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಾರೆ. ಎಚ್ಚರವಾಗುವುದು ಸ್ಟಾಪು ದಾಟುವಾಗ. ಗಡಿಬಿಡಿಯಲ್ಲಿ ಇಳಿದವನ ಕೈಯಲ್ಲಿ ಟಿಕೆಟ್ ಉಳಿಯುತ್ತದೆ, ಬಾಕಿ ಬಸ್ಸಿನ ಜೊತೆ ಹೋಗುತ್ತದೆ.

ಇನ್ನು ಪರಸ್ಪರ ಮುಖಪರಿಚಯವೂ ಇಲ್ಲದ ಇಬ್ಬರ ಕೈಗೆ ಒಂದೇ ನೋಟು ತುರುಕಿ “ನೀವಿಬ್ರೂ ಹಂಚ್ಕೊಳ್ಳಿ” ಎನ್ನುವ ಪದ್ಧತಿ. ಹತ್ತು ರೂಪಾಯಿಯ ಜಂಟಿ ಮಾಲೀಕರಾದ ಆ ಇಬ್ಬರು ಒಟ್ಟಿಗೇ ಇಳಿದು, ಚಿಲ್ಲರೆಗೆಂದು ಒಂದೇ ಅಂಗಡಿಗೆ ಹೋಗಿ, ಬೇಡದ ಬಾಳೆಹಣ್ಣು ಕೊಂಡು ಪಾಲು ಮಾಡಿಕೊಳ್ಳುತ್ತಾರೆ. ಕಂಡಕ್ಟರನ್ನೂ ಪೂರ್ತಿ ದೂರುವಂತಿಲ್ಲ. ಸಂಜೆ ಡಿಪೋದಲ್ಲಿ ಲೆಕ್ಕ ಕಮ್ಮಿ ಬಿದ್ದರೆ ತುಂಬಬೇಕಾದ್ದು ಅವರ ಜೇಬಿನಿಂದಲೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಶೂನ್ಯ ಟಿಕೆಟ್ ಪಡೆದು ಈ ರಗಳೆಯಿಂದ ಪಾರಾದರು. ಅಲ್ಲಿಂದೀಚೆಗೆ ಚಿಲ್ಲರೆ ಜಗಳ ಗಂಡಸರಿಗೇ ಮೀಸಲು. ಅವರ ಉತ್ಸಾಹ ಕುಗ್ಗದಿರಲೆಂದೋ ಏನೋ, 2025ರ ಜನವರಿಯ ದರ ಏರಿಕೆಯಲ್ಲಿ 5 ರೂಪಾಯಿ ಇದ್ದದ್ದು 6, 10 ಇದ್ದದ್ದು 12 ಆಯಿತು. ನೋಟೊಂದರಲ್ಲಿ ಮುಗಿಯುತ್ತಿದ್ದ ವ್ಯವಹಾರಕ್ಕೆ ತಮ್ಮನ್ನು ಕಡ್ಡಾಯ ಮಾಡಿದ ಈ ದೂರದೃಷ್ಟಿಗೆ ತಾವು ಕೃತಜ್ಞರಾಗಿರಬೇಕು. ಅದೇ ವರ್ಷದ ಆಗಸ್ಟ್‌ನಿಂದ ಆಟೋದ ಕನಿಷ್ಠ ದರವೂ 36 ರೂಪಾಯಿ. ಮೀಟರು 36 ತೋರಿಸುತ್ತದೆ, ಪ್ರಯಾಣಿಕ 40 ಕೊಡುತ್ತಾನೆ. ತಾವು ಕೈಕೊಟ್ಟಾಗಲೆಲ್ಲ ಲೆಕ್ಕ ಮೇಲಕ್ಕೇ ಏಕೆ ಸರಿಹೋಗುತ್ತದೆ? ಚಿಲ್ಲರೆ ಇಲ್ಲ, 35 ಕೊಡಿ ಸಾಕು ಎಂದ ಆಟೋದವರು ಸಿಕ್ಕರೆ ಊರವರು ಸನ್ಮಾನಕ್ಕೆ ಸಿದ್ಧ. ಶಾಲು, ಹಾರ, ಪೇಟ ಎಲ್ಲ ಇದೆ.

ಕಿರಾಣಿ ಅಂಗಡಿಯಲ್ಲಂತೂ ತಮ್ಮ ಜಾಗಕ್ಕೆ ಚಾಕೊಲೇಟ್ ಬಂದು ಕೂತಿದೆ. ಗಿರಾಕಿ ಅದನ್ನು ಬೇಡವೆನ್ನುವಂತಿಲ್ಲ. ಆದರೆ ಅಂಥ ಹತ್ತು ಚಾಕೊಲೇಟ್ ಕೂಡಿಟ್ಟು ಮರುವಾರ ಅದೇ ಗಲ್ಲಾದ ಮೇಲಿಟ್ಟು ಒಂದು ಬೆಂಕಿಪೆಟ್ಟಿಗೆ ಕೇಳಿ ನೋಡಲಿ. ಅಂಗಡಿಯವರಿಗೆ ರಿಸರ್ವ್ ಬ್ಯಾಂಕ್ ನೆನಪಾಗುತ್ತದೆ.

ಹಾಗೆಂದು ಬ್ಯಾಂಕಿನ ಮಾತಿಗೂ ಇಲ್ಲಿ ಬೆಲೆಯಿಲ್ಲ. 10 ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿತು. ಅಂಗಡಿಯವರು ಒಪ್ಪಲಿಲ್ಲ. ‘ಇದು ನಡೆಯಲ್ಲ’ ಎಂಬ ಅವರ ತೀರ್ಪಿಗೆ ಮೇಲ್ಮನವಿ ಇಲ್ಲ. 25 ಪೈಸೆಯವರು 2011ರ ಜೂನ್ 30ಕ್ಕೆ ಅಧಿಕೃತವಾಗಿ ನಿವೃತ್ತರಾದರು, ಸರಿ. 50 ಪೈಸೆಯವರು ಕಾಯಿದೆ ಪ್ರಕಾರ ಇಂದಿಗೂ ಸೇವೆಯಲ್ಲಿದ್ದಾರೆ. ಮಾರುಕಟ್ಟೆ ಅವರ ತಿಥಿಯನ್ನೂ ಮುಗಿಸಿದೆ.

ಕಾಯಿದೆ ಎಂದಾಗ ಯಾದಗಿರಿಯ ಪ್ರಸಂಗ ಹೇಳಲೇಬೇಕು. 2023ರ ವಿಧಾನಸಭಾ ಚುನಾವಣೆಗೆ ಅಲ್ಲಿನ ಪಕ್ಷೇತರ ಅಭ್ಯರ್ಥಿಯೊಬ್ಬರು 10 ಸಾವಿರ ರೂಪಾಯಿ ಠೇವಣಿಯನ್ನು ಪೂರ್ತಿ ಒಂದೊಂದು ರೂಪಾಯಿ ನಾಣ್ಯದಲ್ಲಿ ತಂದು ಸುರಿದರು. ಮತದಾರರಿಂದಲೇ ಕೂಡಿಸಿದ್ದಂತೆ. ಚುನಾವಣಾ ಸಿಬ್ಬಂದಿ ಕೂತು ಎಣಿಸಿದರು. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ಪಾವತಿಯಲ್ಲಿ ಇಂಥ ನಾಣ್ಯಗಳನ್ನು 1,000 ರೂಪಾಯಿವರೆಗೆ ತೆಗೆದುಕೊಂಡರೆ ಸಾಕು, ಅದಕ್ಕಿಂತ ಹೆಚ್ಚಿಗೆ ಬಲವಂತವಿಲ್ಲ. ಆದರೂ ಎಣಿಸಿದರು. ಇಡೀ ರಾಜ್ಯದ ಕಂಡಕ್ಟರುಗಳು ಹುಡುಕುತ್ತಿದ್ದ ತಾವು ಅಲ್ಲಿ ಮೇಜಿನ ಮೇಲೆ ಗುಡ್ಡವಾಗಿ ಬಿದ್ದಿದ್ದಿರಿ.

ಅಂದರೆ ತಾವು ಇಲ್ಲವೆಂದಲ್ಲ, ಇದ್ದೀರಿ. ಮುಯ್ಯಿಯ ಕವರಿನ ಮೂಲೆಯಲ್ಲಿ ಅಂಟಿಕೊಂಡಿದ್ದೀರಿ. 500ಕ್ಕೆ ತಾವೊಬ್ಬರು ಸೇರಿ 501 ಆಗದಿದ್ದರೆ ಮದುವೆಮನೆಯಲ್ಲಿ ಮರ್ಯಾದೆ ಇಲ್ಲ. ಮಲೆ ಮಹದೇಶ್ವರನ ಹುಂಡಿ ತೆರೆದಾಗ ರಾಶಿಯಾಗಿ ಬೀಳುತ್ತೀರಿ. ಶ್ರೀರಂಗಪಟ್ಟಣದ ಸೇತುವೆ ಬಂದರೆ, ಅಲ್ಲಿಯವರೆಗೆ ‘ಚಿಲ್ಲರೆ ಇಲ್ಲ’ ಎಂದು ಆಣೆ ಹಾಕಿದ ಪ್ರಯಾಣಿಕನ ಜೇಬಿನಿಂದಲೇ ಹೊರಟು ಕಾವೇರಿಗೆ ಹಾರುತ್ತೀರಿ. ತಮ್ಮ ವಂಶಕ್ಕೆ ಈ ಕಳೆದುಹೋಗುವ ಚಾಳಿ ಹಳೆಯದು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹಾಕಿಸಿದ ಚಿನ್ನದ ಹಣ ತೊಗರಿಬೇಳೆಯಷ್ಟು ಗಾತ್ರದ್ದು. ಅಂದಿನವರು ಎಷ್ಟು ಬಾರಿ ನೆಲ ಗುಡಿಸಿ ಹುಡುಕಿರಬೇಕು!

ಸರ್ಕಾರವೂ ತಮ್ಮ ಮೇಲೆ ಕಡಿಮೆ ಖರ್ಚು ಮಾಡಿಲ್ಲ. ಒಂದು ರೂಪಾಯಿ ನಾಣ್ಯ ಮಾಡಲು 1 ರೂಪಾಯಿ 11 ಪೈಸೆ ತಗಲುತ್ತದೆ ಎಂಬ ಲೆಕ್ಕ 2018ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಿತ್ತು. ಆ 11 ಪೈಸೆಯನ್ನು ಕೊಡಬೇಕೆಂದರೂ ಯಾರ ಬಳಿಯೂ ಚಿಲ್ಲರೆ ಇಲ್ಲ.

ಆದ್ದರಿಂದ ತಾವು ಕೂಡಲೇ ಕರ್ತವ್ಯಕ್ಕೆ ಹಾಜರಾಗಬೇಕೆಂದು ಕೋರಲಾಗಿದೆ. ಪೂರ್ತಿ ಬರಲಾಗದಿದ್ದರೆ, ಬೆಳಗಿನ ಮೊದಲ ಟ್ರಿಪ್ಪಿಗಾದರೂ ಬನ್ನಿ.

ಇಂತಿ,
ಬಾಕಿ ಬರಬೇಕಾದವರೆಲ್ಲರ ಪರವಾಗಿ

ತಾ.ಕ.: ಪೋಸ್ಟ್ ಕಾರ್ಡಿನ ಬೆಲೆ ಈಗಲೂ 50 ಪೈಸೆ. ಒಂದು ರೂಪಾಯಿ ಕೊಟ್ಟವರು ಬಾಕಿ ಕೇಳುವ ಬದಲು ಎರಡು ಕಾರ್ಡು ಪಡೆಯುವುದೇ ವಾಡಿಕೆ. ಆ ಎರಡನೆಯ ಕಾರ್ಡನ್ನು ಇದರ ಜೊತೆ ಲಗತ್ತಿಸಲಾಗಿದೆ. ತಮ್ಮ ಉತ್ತರ ಅದರಲ್ಲೇ ಬರಲಿ.