ನೀರಿಗೆ ಆಮ್ಲ, ಹೋರಿಗೆ ರಜೆ

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ಪೀರಿಯಡ್ಡಿಗೇ ಪಾಠ ಮಾಡುವ ಮೇಷ್ಟ್ರನ್ನು ಮಕ್ಕಳು ನಂಬುವುದಿಲ್ಲ. ಅವತ್ತು ಏನಿದ್ದರೂ ನಿಯಮ ಬರೆಸಬೇಕು. ಮೊದಲು ಸೊರಬದಲ್ಲಿ, ಆಮೇಲೆ ರಿಟೈರ್ ಆಗುವವರೆಗೆ ಶಿಕಾರಿಪುರದಲ್ಲಿ ಹೈಸ್ಕೂಲಿನ ಸಿಬಿಜೆಡ್ ಮೇಷ್ಟ್ರಾಗಿದ್ದ ನಾನು ಈ ಸಂಪ್ರದಾಯ ಬಿಟ್ಟವನಲ್ಲ. ಸಿಬಿಜೆಡ್ ಎಂದರೆ ಇಲಾಖೆಯ ಭಾಷೆಯಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಓದಿಕೊಂಡು ಬಂದವರು. ಪಿಸಿಎಂನವರು ಲೆಕ್ಕದ ಕಡೆಯವರು, ಅವರದು ಬೇರೆ ಮಠ. ಬೋರ್ಡಿನ ಮೇಲೆ ‘ರಸಾಯನ ವಿಜ್ಞಾನ: ನಿಯಮಗಳು’ ಎಂದು ಬರೆದು ಅಡಿಗೆ ಎರಡು ಗೆರೆ ಎಳೆದರೆ, ಆ ಎರಡನೇ ಗೆರೆ ಎಳೆಯುವಾಗ ಸಿಗುವ ಅಧಿಕಾರದ ಸುಖ ಮುಂದಿನ ಮಾರ್ಚ್‌ವರೆಗೆ ಮತ್ತೆ ಸಿಗುವುದಿಲ್ಲ.

ನೋಟ್ಸಿಗೆ ಇನ್ನೂರು ಪುಟದ ಲಾಂಗ್ ಬುಕ್ಕು, ಅದಕ್ಕೆ ಖಾಕಿ ಬೈಂಡು. ಎಡಪುಟದಲ್ಲಿ ಪೆನ್ಸಿಲ್ಲಿನ ಚಿತ್ರ, ಬಲಪುಟದಲ್ಲಿ ಬರಹ. ಬೆಲ್ಲಾದ ಮೇಲೆ ಬಂದವರು ಹೊರಗೆ. ಲ್ಯಾಬಿನಲ್ಲಿ ಯಾವುದನ್ನೂ ಮೂಸಬಾರದು, ನೆಕ್ಕಬಾರದು, ಜೇಬಿಗೆ ಇಳಿಸಬಾರದು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಒಡೆದವರು ದುಡ್ಡು ಕೊಡಬೇಕು. ಹಾಜರಾತಿ ಶೇ. 75ಕ್ಕೆ ಕಮ್ಮಿಯಾದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ರಜಾ ಅರ್ಜಿಯಲ್ಲಿ ಕಾರಣ ಸ್ಪಷ್ಟವಾಗಿರಬೇಕು, ‘ಅನಿವಾರ್ಯ ಕಾರಣ’ ನಡೆಯುವುದಿಲ್ಲ.

ಲ್ಯಾಬ್ ಎಂದೆನಲ್ಲ, ಅದೊಂದು ಕಬ್ಬಿಣದ ಬೀರು. ಒಳಗೆ ತಳ ತೂತಾದ ಬೀಕರು, ಲೇಬಲ್ ಕಿತ್ತುಹೋಗಿ ಅನಾಮಧೇಯವಾದ ಬಾಟಲಿಗಳು, ಹಲ್ಲಿಮೊಟ್ಟೆ. ಬೀಗದ ಕೈ ಹೆಡ್ಮಾಸ್ಟರ ಡ್ರಾಯರಿನಲ್ಲಿ, ಡ್ರಾಯರಿನ ಬೀಗದ ಕೈ ಗುಮಾಸ್ತರ ಹತ್ತಿರ, ಗುಮಾಸ್ತರು ಖಜಾನೆಯಲ್ಲಿ. ಒಡೆದವರು ದುಡ್ಡು ಕೊಡಬೇಕೆಂಬ ನಿಯಮ ಇಡೀ ಸರ್ವೀಸಿನಲ್ಲಿ ಒಬ್ಬನಿಗೇ ಜಾರಿಯಾಯಿತು, ಅದು ಬಿಇಓ ಆಫೀಸಿನಿಂದ ತಪಾಸಣೆಗೆ ಬಂದವರು ಮೊಣಕೈ ತಾಗಿಸಿ ಫ್ಲಾಸ್ಕ್ ಬೀಳಿಸಿದಾಗ. ಕೊಟ್ಟವನು ನಾನು.

ಖಾಕಿ ಬೈಂಡಿನ ನಿಯಮ ಒಂದು ವಾರದಲ್ಲಿ ಸತ್ತಿತು. ಅಂಗಡಿಯಲ್ಲಿ ಖಾಕಿ ಕಾಗದ ಖರ್ಚಾಗಿದೆ ಎಂದು ಮಕ್ಕಳು ಹಳೆಯ ಕ್ಯಾಲೆಂಡರಿನ ಹಾಳೆ ಹಾಕಿಕೊಂಡು ಬಂದರು. ಸೊರಬದಲ್ಲಿ ಚಂದ್ರಗುತ್ತಿಯ ರೇಣುಕಾಂಬೆ, ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿ. ಅಂಥ ಪುಸ್ತಕವನ್ನು ಮೇಜಿನ ಮೇಲೆ ಬಿಸಾಡುವಂತಿಲ್ಲ, ನೆಲಕ್ಕೆ ಒಗೆಯುವಂತಿಲ್ಲ. ಊರದೇವರ ಬೆನ್ನಿಗೆ ಕೆಂಪು ಮಸಿಯಲ್ಲಿ ‘ಅಸಹ್ಯ ಬರಹ’ ಎಂದು ಬರೆಯಲು ಯಾವ ಸರ್ಕಾರಿ ನೌಕರನಿಗೆ ಧೈರ್ಯ ಬಂದೀತು? ‘ನೋಡಿದೆ’ ಎಂದಷ್ಟೇ ಬರೆದು, ಕಣ್ಣಿಗೊತ್ತಿಕೊಂಡು ವಾಪಸ್ ಕೊಡುತ್ತಿದ್ದೆ.

ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವುದೂ ಅಷ್ಟೇ. ಆನವಟ್ಟಿ ಕಡೆಯಿಂದಲೋ ಜಡೆ ಕಡೆಯಿಂದಲೋ ಬರುವ ಒಂದು ಬಸ್ಸು ಕೈಕೊಟ್ಟರೆ ಅರ್ಧ ಕ್ಲಾಸು ಹೊರಗಿರುತ್ತದೆ. ಆಗ ಒಳಗಿರುವವರೇ ‘ನಾವೂ ಹೊರಗೆ ಹೋಗ್ತೀವಿ ಸಾರ್’ ಎನ್ನುತ್ತಾರೆ. ಜುಲೈ ಬಂತೆಂದರೆ ಡಿಸಿಯವರು ಮಳೆರಜೆ ಘೋಷಿಸುತ್ತಾರೋ ಇಲ್ಲವೋ ಎಂಬುದೇ ಪಠ್ಯ. ಆವರ್ತಕ ಕೋಷ್ಟಕದ ಮೊದಲ ಹತ್ತು ಧಾತುಗಳನ್ನು ತಡವರಿಸದೆ ಹೇಳಲಾರದ ಹುಡುಗ ಆರಿದ್ರ, ಪುನರ್ವಸು, ಪುಷ್ಯ ಎಂದು ಮಳೆಗಳನ್ನು ಸಾಲಾಗಿ ಹೇಳಿ, ಯಾವುದರಲ್ಲಿ ದಂಡಾವತಿ ಸೇತುವೆಯ ಮಟ್ಟಕ್ಕೆ ಬರುತ್ತದೆ ಎಂಬುದನ್ನೂ ಸೇರಿಸುತ್ತಾನೆ.

ಶಿಸ್ತಿನ ವಿಷಯದಲ್ಲಿ ಶಿಕಾರಿಪುರ ತಾಲ್ಲೂಕಿನ ಮೇಷ್ಟ್ರಿಗೆ ಒಂದು ಐತಿಹಾಸಿಕ ಅನಾನುಕೂಲ ಬೇರೆ ಇದೆ. ಇಲ್ಲಿಂದ ಓದಲು ಹೊರಗೆ ಹೋದವರಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದವನು ತಾಳಗುಂದದ ಮಯೂರಶರ್ಮ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದವನು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಕುಬ್ಜ ಕವಿ ಅದನ್ನು ಕಂಬದ ಮೇಲೆ ಕೆತ್ತಿಸಿಯೂ ಬಿಟ್ಟಿದ್ದಾನೆ, ಅಳಿಸುವ ಹಾಗಿಲ್ಲ. ‘ಓದದಿದ್ದರೆ ಏನಾಗ್ತೀಯೋ?’ ಎಂದು ಗದರಿಸಿದರೆ, ಸಮಾಜದ ಮೇಷ್ಟ್ರ ಪಾಠ ಸರಿಯಾಗಿ ಕೇಳಿದ ಯಾವನಾದರೂ ಒಬ್ಬನ ಹತ್ತಿರ ಉತ್ತರ ಇದ್ದೇ ಇರುತ್ತದೆ. ಪಕ್ಕದ ಬಳ್ಳಿಗಾವಿಗೆ ಹೋದರೆ ಕೋಡಿಮಠದ 1162ರ ಶಾಸನ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಇದು ನೆಲೆ, ಬಡವರಿಗೆ ಕುರುಡರಿಗೆ ಇಲ್ಲಿ ಅನ್ನ, ರೋಗಿಗಳಿಗೆ ಔಷಧಿ ಎಂದು ಪಟ್ಟಿ ಹೋಗುತ್ತದೆ. ಬಿಸಿಯೂಟವೂ ಇತ್ತು ಎಂದಾಯಿತು. ಶೇ. 75 ಹಾಜರಾತಿಯ ಮಾತು ಮಾತ್ರ ಎಲ್ಲೂ ಇಲ್ಲ. ಪ್ರವಾಸ ಕರೆದುಕೊಂಡು ಹೋದಾಗ ಇದನ್ನು ಬಾಯಿತಪ್ಪಿಯೂ ಹೇಳಬಾರದು.

ಇಷ್ಟೆಲ್ಲ ಆದರೂ ಆಂತರಿಕ ಅಂಕ ನಮ್ಮ ಕೈಯಲ್ಲಿದೆಯಲ್ಲ ಎಂಬ ಧೈರ್ಯ ಒಂದಿತ್ತು. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಪರೀಕ್ಷೆಗೆ 80, ನಮ್ಮ ಕೈಗೆ 20. ‘ಇಪ್ಪತ್ತರಲ್ಲಿ ನೋಡ್ಕೋತೀನಿ’ ಎಂದು ನಾನು ಹೇಳಿದಾಗಲೆಲ್ಲ ಮಕ್ಕಳು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಶಾಲೆಯ ಫಲಿತಾಂಶ ಬಿದ್ದರೆ ನೋಟಿಸು ಯಾರಿಗೆ ಬರುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹತ್ತನೇ ತರಗತಿಯ ಮೊದಲ ಪಾಠದಲ್ಲಿ ಸ್ಥಾನಪಲ್ಲಟ ಕ್ರಿಯೆ ಬರುತ್ತದೆ. ಉಜ್ಜಿ ಹೊಳೆಯಿಸಿದ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಳಿಬಿಡಬೇಕು. ಬೀಗದ ಕೈಗಳನ್ನೆಲ್ಲ ಒಟ್ಟುಮಾಡಿ ಪ್ರನಾಳ ತಂದು, ದಾರಕ್ಕೆ ಮೊಳೆ ಕಟ್ಟಿ ಇಳಿಸಿ ಕಾದೆ. ನೀಲಿ ಮಾಸಿತು, ಮೊಳೆ ಕೆಂಪಗಾಯಿತು. ಎತ್ತಿ ಹಿಡಿದು, ‘ಇದರಿಂದ ಏನು ತಿಳೀತದೆ?’ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಹೇಳಿದ:

‘ಸುಣ್ಣ ಸಾಲಲ್ಲ ಅಂತ, ಸಾರ್.’

ಕ್ಲಾಸು ನಗಲಿಲ್ಲ, ಹೌದು ಹೌದು ಎಂದು ತಲೆಯಾಡಿಸಿತು. ನಗು ಬಂದದ್ದು ನನಗೆ. ಅಡಿಕೆ ತೋಟದ ಮನೆಯ ಮಕ್ಕಳು ಅವರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಹದ ಬಂದಿದೆಯೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಹಿಂಗಾರ ಸುಡುತ್ತದೆ, ಸುಣ್ಣ ಬೇಕು. ಪಠ್ಯಪುಸ್ತಕ ಎರಡು ಪುಟದಲ್ಲಿ ಹೇಳಿದ್ದನ್ನು ಅವನ ಮನೆಯಲ್ಲಿ ಕತ್ತಿಯ ತುದಿಯಲ್ಲಿ ನೋಡಿ ಮುಗಿಸಿದ್ದರು.

ಮುಂದಿನ ಭಾನುವಾರ ಅವನ ತೋಟಕ್ಕೇ ಹೋದೆ. ಮಳೆ ಬಿಡುವು ಕೊಟ್ಟಿತ್ತು, ಕೊನೆಗಾರ ಮರದ ಬುಡದಲ್ಲಿ ಬೀಡಿ ಹಚ್ಚಿ ಕಾಯುತ್ತಿದ್ದ. ಡ್ರಮ್ಮಿನ ಹತ್ತಿರ ಹೋದದ್ದೇ ಹುಡುಗನ ಅಪ್ಪ ತಡೆದರು. ‘ಮೇಷ್ಟ್ರೇ, ತಗಡಿನ ಡಬ್ಬ ಮುಟ್ಟಬೇಡಿ, ಪ್ಲಾಸ್ಟಿಕ್ಕಿಂದೇ ಆಗಬೇಕು. ಸುಣ್ಣದ ನೀರಿಗೆ ತುತ್ತದ ನೀರು ಹುಯ್ಯೋದು, ತಿರುಗಾಮುರುಗಾ ಮಾಡೋ ಹಂಗಿಲ್ಲ. ಸುಣ್ಣ ಸೋಸದೆ ಹಾಕಬೇಡಿ, ನಾಜಲ್ ಕಟ್ಟುತ್ತೆ. ಕಲಸಿದ್ದು ಇವತ್ತೇ ಖಾಲಿಯಾಗಬೇಕು, ನಾಳೆಗೆ ಇಡಂಗಿಲ್ಲ.’

‘ತಿರುಗಾಮುರುಗಾ ಮಾಡಿದರೆ ಏನಾಗ್ತದೆ ಗೌಡ್ರೇ?’

‘ಅದನ್ನ ನೀವು ಹೇಳಬೇಕಲ್ವಾ?’

ಹೇಳಿದೆ. ಅದರ ಜೊತೆಗೆ ಫ್ರಾನ್ಸಿನ ಕಥೆಯನ್ನೂ ಸೇರಿಸಿದೆ. ಬೋರ್ಡೋ ಎಂಬ ಊರಿನ ಸುತ್ತ ದಾರಿಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರು. ಅಸಹ್ಯವಾಗಿ ಕಾಣಲಿ ಎಂದು ಅದಕ್ಕೆ ತುತ್ತ–ಸುಣ್ಣ ಎರಚಿದರೆ, ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬರಲಿಲ್ಲ. ಮಿಲಾರ್ಡೆ ಎಂಬ ಪ್ರೊಫೆಸರು ಅದನ್ನು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಲೋಕಕ್ಕೆ ಸಾರಿದ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪುಸ್ತಿಕೆ ಪ್ರಕಟಿಸಿ, ಈ ಮದ್ದು ಮಲೆನಾಡಿನ ತೋಟಕ್ಕೆ ಹತ್ತುವಂತೆ ಮಾಡಿದ. ಗೌಡರು ಎಲ್ಲ ಕೇಳಿಸಿಕೊಂಡು, ‘ಅಂದ್ರೆ ಇದು ಕಳ್ಳರಿಂದ ಬಂದ ವಿದ್ಯೆ’ ಎಂದರು. ರಸಾಯನದ ಇತಿಹಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ದ್ರವ್ಯರಾಶಿ ಸಂರಕ್ಷಣಾ ನಿಯಮದ ಗತಿ ಮಾತ್ರ ಹೀಗಾಗಲಿಲ್ಲ. ಕ್ರಿಯೆಗೆ ಮೊದಲು ಎಷ್ಟು ತೂಕವೋ ಆಮೇಲೂ ಅಷ್ಟೇ ಎಂದು ಲಾವಾಸಿಯೇ ಹೆಸರು ಹೇಳಿ ಬರೆಸಿದರೆ, ಶಿರಾಳಕೊಪ್ಪದ ಕಡೆಯ ಹುಡುಗಿಯೊಬ್ಬಳು ಕೈಯೆತ್ತಿ, ಮನೆಯಲ್ಲಿ ತೂಗಿದ ಅಡಿಕೆ ಮೂಟೆ ಮಂಡಿಯಲ್ಲಿ ಯಾವಾಗಲೂ ಕಮ್ಮಿ ಬರುತ್ತಲ್ಲ ಸಾರ್, ದಾರಿಯಲ್ಲಿ ಯಾವ ಕ್ರಿಯೆ ನಡೀತದೆ ಎಂದಳು. ತೇವಾಂಶ ಎಂದೆ. ‘ನಮ್ಮಪ್ಪ ಬೇರೆ ಹೇಳ್ತಾರೆ’ ಎಂದು ಕೂತಳು. ಸಂವೃತ ವ್ಯವಸ್ಥೆಗೆ ಮಾತ್ರ ಈ ನಿಯಮ ಅನ್ವಯಿಸುತ್ತದೆ ಎಂಬ ತಿದ್ದುಪಡಿಯನ್ನು ಅವತ್ತೇ ಬೋರ್ಡಿನ ಮೇಲೆ ಬರೆದೆ.

ದೀಪಾವಳಿ ಆದ ಮೇಲೆ ಹಾಜರಾತಿ ಪುಸ್ತಕ ನೋಡಬಾರದು. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಒಂದಾದ ಮೇಲೊಂದು ಹೋರಿ ಹಬ್ಬ. ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿ ಜನರ ಮಧ್ಯೆ ನುಗ್ಗಿ ಓಡುತ್ತದೆ, ಹುಡುಗರು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ. ಕೈಗೆ ಪಟ್ಟಿ ಸುತ್ತಿಕೊಂಡು ಬಂದವನಿಗೆ ‘ಆಮ್ಲ ಬಿತ್ತೇನೋ?’ ಎಂದರೆ ‘ಇಲ್ಲ ಸಾರ್, ಕೋಡು’ ಎನ್ನುತ್ತಾನೆ. ಕಾರಣ ಸ್ಪಷ್ಟವಾಗಿರಬೇಕೆಂಬ ನನ್ನ ನಿಯಮವನ್ನು ಮಕ್ಕಳು ಅಕ್ಷರಶಃ ಪಾಲಿಸಿದ್ದು ಈ ಒಂದು ವಿಷಯದಲ್ಲಿ. ‘ನಾಳೆ ನಮ್ಮ ಮನೆಯ ಹೋರಿ ಓಡುವುದರಿಂದಲೂ, ಹಗ್ಗ ಹಿಡಿಯಲು ಬೇರೆ ಗಂಡಾಳು ಇಲ್ಲದಿರುವುದರಿಂದಲೂ’ ಎಂದು ಬರೆದ ಅರ್ಜಿಗೆ ಯಾವ ಆಧಾರದ ಮೇಲೆ ರಜೆ ನಿರಾಕರಿಸುವುದು?

ಒಂದು ವರ್ಷ ಸೋಡಿಯಂ ತೋರಿಸಿದೆ. ಸೀಮೆಎಣ್ಣೆಯಿಂದ ತೆಗೆದು, ಒರೆಸಿ, ಚಾಕುವಿನಲ್ಲಿ ಅಕ್ಕಿಕಾಳಿನಷ್ಟು ಕೊಯ್ದು, ಫಿನಾಲ್ಫ್ಥಲೀನ್ ಬೆರೆಸಿದ ನೀರಿನ ತೊಟ್ಟಿಗೆ ಹಾಕಿದೆ. ಚೂರು ಉರುಟಾಗಿ, ಸುಯ್ಯೆಂದು, ನೀರಿನ ಮೇಲೆ ದಿಕ್ಕಾಪಾಲಾಗಿ ಓಡಿತು. ಓಡಿದಲ್ಲೆಲ್ಲ ಗುಲಾಬಿ ಗೆರೆ. ವರ್ಷವಿಡೀ ಆಕಳಿಸುತ್ತಿದ್ದವನೊಬ್ಬ ಬೆಂಚಿನ ಮೇಲೆ ಹತ್ತಿ ನಿಂತು ‘ಯಾರ ಕೈಗೂ ಸಿಗಲ್ಲ ಇದು!’ ಎಂದು ಕೂಗಿದ. ಪರೀಕ್ಷೆಯಲ್ಲಿ ಅವನು ಆ ಪ್ರಶ್ನೆಯನ್ನು ಮುಟ್ಟಿರಲೇ ಇಲ್ಲ.

ಎರಡು ದೀಪಾವಳಿ ಕಳೆದಿರಬೇಕು. ಶಿರಾಳಕೊಪ್ಪ ರಸ್ತೆಯಲ್ಲಿ ಪಿಸಿಎಂ ಮೇಷ್ಟ್ರ ಬೈಕಿನ ಹಿಂದೆ ಕೂತು ಹೋಗುವಾಗ ಆಳೆತ್ತರದ ಫ್ಲೆಕ್ಸ್ ಕಂಡಿತು. ಕಪ್ಪು ಹೋರಿ, ಕೊಂಬಿಗೆ ಬಲೂನು, ಹಗ್ಗ ಹಿಡಿದು ಕಪ್ಪು ಕನ್ನಡಕ ಹಾಕಿದ ಅದೇ ಹುಡುಗ. ಕೆಳಗೆ ಬೆಂಕಿ ಅಕ್ಷರದಲ್ಲಿ ಹೋರಿಯ ಹೆಸರು: ‘ಸೋಡಿಯಂ 11’.

‘ಸೋಡಿಯಂ ಅಂತೆ! ಅದೇನ್ರೀ ಹನ್ನೊಂದು, ಹೋರಿ ನಂಬರಾ?’ ಎಂದರು ಪಿಸಿಎಂ ಮೇಷ್ಟ್ರು, ಬೈಕು ನಿಧಾನ ಮಾಡುತ್ತ.