ಇರುವೆ ಯಜಮಾನರು

ಇರುವೆ ಯಜಮಾನರು ಹೇಮಗಿರಿ ಸೀಮೆಯ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೀದಿಗೊಬ್ಬರಂತೆ ಸಿಗುವ ಗೃಹಸ್ಥರು. ವಯಸ್ಸು ಅರವತ್ತು ದಾಟಿರುತ್ತದೆ. ಮೇಷ್ಟ್ರಾಗಿಯೋ, ಕಾರ್ಖಾನೆಯ ಗುಮಾಸ್ತರಾಗಿಯೋ, ಸೊಸೈಟಿ ಕಾರ್ಯದರ್ಶಿಯಾಗಿಯೋ ದುಡಿದು ನಿವೃತ್ತರಾದವರು. ನೌಕರಿಯಲ್ಲಿದ್ದಾಗಲೂ ಅವರ ಮನೆಯಲ್ಲಿ ಇರುವೆಗಳಿದ್ದವು, ಅವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಪೆನ್ಷನ್ ಶುರುವಾದ ತಿಂಗಳಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಮೊದಲ ಸಾಲು ಕಾಣಿಸುತ್ತದೆ. ಅಲ್ಲಿಂದ ಮುಂದೆ ಆ ಮನೆಯ ಆಡಳಿತದಲ್ಲಿ ಅವರಿಗೆ ಒಂದು ಖಾತೆ ಸಿಕ್ಕಂತಾಗುತ್ತದೆ.

ಈ ಸೀಮೆಯಲ್ಲಿ ಈ ವರ್ಗದವರು ಹುಲುಸಾಗಿರುವುದಕ್ಕೆ ಕಾರಣ ಸಕ್ಕರೆ. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಬಿದ್ದು ನಾಲೆಯಲ್ಲಿ ನೀರು ಹರಿದ ಮೇಲೆ ಹೊಲಗಳಲ್ಲಿ ಕಬ್ಬು ಎದ್ದು ನಿಂತಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಪಾಂಡವಪುರಕ್ಕೆ ಸಹಕಾರಿ ಕಾರ್ಖಾನೆ ಬಂತು, ಕೆ.ಆರ್.ಪೇಟೆ ಕಡೆ ಮಾಕವಳ್ಳಿಗೂ ಒಂದು ಬಂತು. ನಡುವಿನ ಊರುಗಳಲ್ಲಿ ಆಲೆಮನೆಗಳು ಬೆಲ್ಲ ಕಾಯಿಸುತ್ತಲೇ ಇದ್ದವು. ಮಂಡ್ಯದ ಕಾರ್ಖಾನೆಗಾಗಿ ಶ್ರಮಿಸಿದವರಲ್ಲಿ ಮುಖ್ಯರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ. ಕೃಷಿ ಇಲಾಖೆಯ ನಿರ್ದೇಶಕರಾದದ್ದು ಆಮೇಲೆ. ಹುಳುಗಳ ಸ್ವಭಾವ ಅಷ್ಟೆಲ್ಲ ಬಲ್ಲವರು ಜಿಲ್ಲೆಗೆ ಸಕ್ಕರೆ ತರುವ ಮೊದಲು ಜನಕ್ಕೆ ಒಂದು ಮಾತು ಹೇಳಬಹುದಿತ್ತಲ್ಲ ಎಂಬುದು ಇರುವೆ ಯಜಮಾನರ ಕಾಯಂ ತಕರಾರು.

ಯಜಮಾನರು ಶತ್ರುವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಕಪ್ಪಿರುವೆ ಗೊತ್ತುಗುರಿಯಿಲ್ಲದೆ ಓಡಾಡುತ್ತದೆ, ಕಾಟ ಕಡಿಮೆ. ಅದು ಮನೆಗೆ ಬಂದರೆ ದುಡ್ಡು ಬರುತ್ತದೆಂಬ ನಂಬಿಕೆ ಇರುವುದರಿಂದ ತಿಂಗಳ ಕೊನೆಯ ವಾರದಲ್ಲಿ ಅದಕ್ಕೆ ಮಾಫಿ ಉಂಟು. ಕೆಂಪಿರುವೆಗೆ ಮಾಫಿಯಿಲ್ಲ. ಅದು ದವಡೆಯಿಂದ ಕಚ್ಚಿ ಹಿಡಿದು, ಹಿಂಬದಿಯ ಕೊಂಡಿಯಿಂದ ಚುಚ್ಚಿ ವಿಷ ಬಿಡುತ್ತದೆ. ಉರಿ ಬರುವುದು ಅದರಿಂದಲೇ. ದಪ್ಪ ಕಪ್ಪು ಗೊದ್ದ ರಾತ್ರಿ ಹೊತ್ತು ಹೊರಡುವ ಜಾತಿ. ನಾಲ್ಕನೆಯದು ಕಣ್ಣಿಗೆ ಸರಿಯಾಗಿ ಕಾಣದ ಸಣ್ಣಿರುವೆ. ಸಕ್ಕರೆ ಡಬ್ಬದ ತಿರುಪಿನ ಮುಚ್ಚಳವನ್ನು ಎಷ್ಟೇ ಬಿಗಿ ಮಾಡಿದರೂ ಅದು ತಿರುಪಿನ ಹಾದಿ ಹಿಡಿದು ಒಳಕ್ಕೆ ಇಳಿಯುತ್ತದೆ. ಸಾಲಿನಲ್ಲಿ ದುಡಿಯುವ ಇರುವೆಗಳೆಲ್ಲ ಹೆಣ್ಣು. ಗಂಡು ರೆಕ್ಕೆ ಕಟ್ಟಿಕೊಂಡು ಹುಟ್ಟಿ, ಕೂಡುವ ಕೆಲಸವೊಂದನ್ನು ಮುಗಿಸಿ ಸಾಯುತ್ತದೆ, ಮನೆಗೆ ಒಂದು ಕಾಳನ್ನೂ ತರುವುದಿಲ್ಲ. ಯಜಮಾನರು ಈ ಸಂಗತಿಯನ್ನು ಪುಸ್ತಕದಲ್ಲಿ ಓದಿ ಹೆಂಡತಿಗೆ ಹೇಳಿದಾಗ ಬರುವ ಉತ್ತರ ನಾಲ್ಕೂ ತಾಲ್ಲೂಕಿನಲ್ಲಿ ಒಂದೇ: “ಅದುನ್ನ ತಿಳ್ಕಳಾಕೆ ಪುಸ್ತಕ ಬೇಕಿತ್ತಾ?”

ಇರುವೆ ಮನೆಗೆ ಬರುವ ಕ್ರಮ ಸರಳ. ಮೊದಲು ಒಂದೆರಡು ಇರುವೆ ಆಹಾರ ಹುಡುಕುತ್ತ ಬರುತ್ತವೆ. ಸಿಹಿ ಸಿಕ್ಕಿದರೆ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ, ವಾಸನೆಯ ಗುರುತು ಬಿಡುತ್ತ ಗೂಡಿಗೆ ಮರಳುತ್ತವೆ. ಆ ಗುರುತು ಹಿಡಿದು ಬಂದವೂ ತಮ್ಮ ಪಾಲಿನ ಗುರುತು ಸೇರಿಸುವುದರಿಂದ ದಾರಿ ಗಟ್ಟಿಯಾಗುತ್ತ ಹೋಗುತ್ತದೆ. ಸಿಹಿ ಮುಗಿದರೆ ಹೊಸ ಗುರುತು ಬೀಳುವುದಿಲ್ಲ, ಹಳೆಯದು ಆರಿಹೋಗುತ್ತದೆ, ಸಾಲು ತಾನಾಗಿ ಕರಗುತ್ತದೆ. ಯಜಮಾನರಿಗೆ ಇದೆಲ್ಲ ಬಾಯಿಪಾಠ. ಆದರೂ ಸಾಲು ಕಂಡ ಕೂಡಲೇ ಅವರು ಮಾಡುವ ಮೊದಲ ಕೆಲಸ ಕೂಗುವುದು: “ಬಂದವೆ ಕಣೇ! ಯಾರೂ ಮುಟ್ಬ್ಯಾಡಿ, ಎಲ್ಲಿಂದ ಸುರು ಆಗೈತೆ ಒಸಿ ನೋಡ್ಬೇಕು.” ತನಿಖೆ ಮುಗಿಯುವತನಕ ಕಟ್ಟೆ ಒರೆಸುವಂತಿಲ್ಲ, ಅನ್ನಕ್ಕೆ ಇಡುವಂತಿಲ್ಲ.

ತನಿಖೆಯ ಸಲಕರಣೆಗಳಲ್ಲಿ ಮೊದಲನೆಯದು ಮೂರು ಸೆಲ್ಲಿನ ಟಾರ್ಚು. ಹಿಂದಿನ ತಲೆಮಾರಿನ ಯಜಮಾನರ ಬಳಿ ಇದರ ಜೊತೆಗೆ ಬಿ.ಎಚ್.ಸಿ. ಪುಡಿಯ ಪೊಟ್ಟಣವೂ ಇರುತ್ತಿತ್ತು. ಆ ಪುಡಿ ಮಣ್ಣಿನಲ್ಲೂ ಮೈಯಲ್ಲೂ ಬಹುಕಾಲ ಉಳಿಯುವ ವಿಷವೆಂದು ಗೊತ್ತಾಗಿ 1997ರಲ್ಲಿ ದೇಶದಲ್ಲೆಲ್ಲ ನಿಷೇಧವಾಯಿತು. ಇಂದಿಗೂ ಯಜಮಾನರು ಅದನ್ನು ಸತ್ತ ಗೆಳೆಯನ ಮಾತು ಬಂದಾಗಿನ ದನಿಯಲ್ಲೇ ನೆನೆಯುತ್ತಾರೆ. ಈಗಿನದು ಲಕ್ಷ್ಮಣರೇಖೆ ಬಳಪದ ಕಾಲ. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡು, ಗ್ಯಾಸ್ ಕಟ್ಟೆ, ಒಂದನ್ನೂ ಬಿಡದೆ ಅವರು ಎಳೆದ ಗೆರೆಗಳಿಂದ ಅಡುಗೆಮನೆಯ ಗೋಡೆ ಅಣ್ಣತಮ್ಮಂದಿರು ಪೋಡಿ ಮಾಡಿಸಿಕೊಂಡ ಸರ್ವೆ ನಂಬರಿನ ನಕ್ಷೆಯಂತೆ ಕಾಣುತ್ತದೆ. ಗೆರೆ ದಾಟಿದವು ಸಾಯುತ್ತವೆ. ಉಳಿದವು ಗೆರೆಯಿಲ್ಲದ ಕಡೆಯಿಂದ ಬರುತ್ತವೆ. ಸ್ಪ್ರೇ ಹೊಡೆದರೆ ಇನ್ನೊಂದು ತೊಂದರೆ. ಕೆಲವು ಸಣ್ಣಿರುವೆ ಜಾತಿಗಳ ಗೂಡಿನಲ್ಲಿ ರಾಣಿಗಳು ಅನೇಕ. ವಿಷದ ಗಾಳಿ ತಾಗಿದರೆ ಅವು ಒಂದೊಂದು ಗುಂಪಾಗಿ ಬೇರೆ ಬೇರೆ ಕಡೆ ಮನೆ ಹೂಡುತ್ತವೆ. ಸೋಮವಾರ ಅಡುಗೆಮನೆಯಲ್ಲಷ್ಟೇ ಇದ್ದ ಇರುವೆ ಆ ವಾರದ ಕೊನೆಗೆ ದೇವರಮನೆಗೂ ಬಚ್ಚಲಿಗೂ ಬಂದಿರುವುದು ಯಜಮಾನರ ಸ್ಪ್ರೇಯ ಫಲ.

ತಾಲ್ಲೂಕಿನಿಂದ ತಾಲ್ಲೂಕಿಗೆ ಯುದ್ಧದ ರೀತಿ ಬೇರೆ. ಶ್ರೀರಂಗಪಟ್ಟಣದ ಯಜಮಾನರು ಕಂದಕದಲ್ಲಿ ನಂಬಿಕೆ ಇಟ್ಟವರು. ಅಗಲ ತಟ್ಟೆಗೆ ನೀರು ಹೊಯ್ದು ನಡುವೆ ಹೋಳಿಗೆಯ ಡಬ್ಬ ಇಡುತ್ತಾರೆ. ಆಹಾರದ ಬೀರುವಿನ ನಾಲ್ಕು ಕಾಲಿಗೆ ನಾಲ್ಕು ಬಟ್ಟಲು ನೀರು. ಸುತ್ತ ಕಾವೇರಿ, ಅದರೊಳಗೆ ಕೋಟೆ, ಕೋಟೆಗೆ ಕಂದಕ ಇದ್ದ ಊರಿನವರಿಗೆ ಈ ಉಪಾಯ ಸಹಜ. ಆ ಕೋಟೆ ಬಿದ್ದದ್ದು 1799ರ ಮೇ 4ರಂದು, ಹೊಳೆಯಲ್ಲಿ ನೀರು ಇಳಿದ ಬೇಸಿಗೆಯಲ್ಲಿ ಎಂಬುದನ್ನು ಅವರು ಮಕ್ಕಳಿಗೆ ಪಾಠ ಮಾಡಿದವರು. ಬೀರುವಿನ ಬಟ್ಟಲಿಗೆ ಮಾತ್ರ ಏಪ್ರಿಲ್‌ನಲ್ಲಿ ನೀರು ಹಾಕುವುದನ್ನು ಮರೆಯುತ್ತಾರೆ. ನೀರಿದ್ದಾಗಲೂ ಮನೆಯ ಯಾರೋ ಡಬ್ಬಕ್ಕೆ ಒರಗಿಸಿ ಚಮಚ ಇಟ್ಟಿರುತ್ತಾರೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಆ ಊರಿನ ಹೊಳೆಗೆ ಕಲ್ಲುಸೇತುವೆ ಮುಗಿಯಿತು. ಇರುವೆಗೆ ಚಮಚವೇ ಸಾಕು.

ಪಾಂಡವಪುರದ ಯಜಮಾನರ ಸಮಸ್ಯೆ ಬೆಲ್ಲ. ಆಲೆಮನೆಯ ಪರಿಚಯವಿಲ್ಲದ ಮನೆ ಅಲ್ಲಿ ಕಡಿಮೆ, ಹಾಗಾಗಿ ಬೆಲ್ಲ ಕೆ.ಜಿ. ಲೆಕ್ಕದಲ್ಲಿ ಬರದೆ ಮೂಟೆ ಲೆಕ್ಕದಲ್ಲಿ ಬರುತ್ತದೆ. ಬೆಲ್ಲಕ್ಕೆ ಗಾಳಿಯ ತೇವ ಎಳೆದುಕೊಳ್ಳುವ ಗುಣ. ಮುಂಗಾರಿನಲ್ಲಿ ಅದು ನೀರೊಡೆದು, ಗೋಣಿಯಿಂದ ಜಿನುಗಿ, ಗೋಡೆಯ ಬುಡದಲ್ಲಿ ಅಂಟಾಗಿ ನಿಲ್ಲುತ್ತದೆ. ಯಜಮಾನರು ಅಟ್ಟದ ಮೇಲಿನ ಮೂಟೆಗೆ ಕಾವಲು ಕೂತರೆ ಇರುವೆಗಳು ಕೆಳಗೆ ಗೋಡೆಯ ಬುಡದಲ್ಲೇ ಊಟ ಮುಗಿಸುತ್ತವೆ. ಮೇಲುಕೋಟೆ ಇದೇ ತಾಲ್ಲೂಕಿನಲ್ಲಿರುವುದರಿಂದ ಆಗಾಗ ಪುಳಿಯೋಗರೆಯೂ ಸಕ್ಕರೆ ಪೊಂಗಲೂ ಮನೆಗೆ ಬರುತ್ತವೆ. ಪ್ರಸಾದದ ದೊನ್ನೆಗೆ ಇರುವೆ ಮುತ್ತಿದರೆ ಹೊಡೆಯುವುದೋ ಬಿಡುವುದೋ ಎಂಬ ಪ್ರಶ್ನೆ ಅಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಕೆ.ಆರ್.ಪೇಟೆಯ ಯಜಮಾನರು ನೇತುಹಾಕುವ ಪಂಥದವರು. ಹೇಮಾವತಿ ದಂಡೆಯ ಹೇಮಗಿರಿಯಲ್ಲಿ ದನಗಳ ಜಾತ್ರೆ ನಡೆದಾಗ ಎತ್ತುಗಳ ಹಲ್ಲು ನೋಡಿ, ವ್ಯಾಪಾರ ಮಾಡದೆ, ಕಡ್ಲೆಪುರಿ, ಬತ್ತಾಸು, ಜಿಲೇಬಿ ಕಟ್ಟಿಸಿಕೊಂಡು ಬರುತ್ತಾರೆ. ನೆಲದಲ್ಲಿಟ್ಟರೆ ಇರುವೆ, ಅದಕ್ಕೇ ಚೀಲವನ್ನು ತೊಲೆಯ ಮೊಳೆಗೆ ಹಗ್ಗದಲ್ಲಿ ಇಳಿಬಿಡುತ್ತಾರೆ. ಅಜ್ಜಿಯರ ಕಾಲದ ನೆಲುವು ಬೆಕ್ಕಿಗೂ ಮಕ್ಕಳಿಗೂ ತಡೆಯಾಗಿತ್ತು ನಿಜ. ಇರುವೆಗೆ ಗೋಡೆ, ತೊಲೆ, ಹಗ್ಗ ಎಲ್ಲವೂ ರಸ್ತೆಯೇ. ಬೆಳಿಗ್ಗೆ ಚೀಲ ಇಳಿಸಿದಾಗ ಜಿಲೇಬಿಯ ಬಣ್ಣ ಬದಲಾಗಿರುತ್ತದೆ.

ನಾಗಮಂಗಲದ ಯಜಮಾನರು ಬೂದಿಯವರು. ನಾಲೆಯ ನೀರು ಕಡಿಮೆ ಕಂಡ, ರಾಗಿ ಹುರುಳಿಯ ಸೀಮೆ ಅದು. ಕಣದಲ್ಲಿ ರಾಗಿ ರಾಶಿ ಹಾಕಿದಾಗ ಸುತ್ತ ಬೂದಿ ಗೆರೆ ಎಳೆಯುವುದನ್ನು ಕಂಡು ಬೆಳೆದವರು ಮನೆಯಲ್ಲೂ ಅದನ್ನೇ ಮಾಡುತ್ತಾರೆ. ಒಣಬೂದಿಯ ಮೇಲೆ ಇರುವೆಯ ಕಾಲು ನಿಲ್ಲುವುದಿಲ್ಲ, ವಾಸನೆಯ ಗುರುತೂ ಮುಚ್ಚಿಹೋಗುತ್ತದೆ. ನಾಲ್ಕು ತಾಲ್ಲೂಕಿನ ಉಪಾಯಗಳಲ್ಲಿ ಇದಕ್ಕೆ ಸ್ವಲ್ಪ ಬೆಲೆಯಿದೆ, ಯಾರೂ ಅದರ ಮೇಲೆ ನಡೆಯದಿದ್ದರೆ, ಫ್ಯಾನ್ ಹಾಕದಿದ್ದರೆ. ಎರಡೂ ಆಗುವುದರಿಂದ ಸಂಜೆಯ ಹೊತ್ತಿಗೆ ಬೂದಿ ಇಡೀ ಮನೆಗೆ ಹರಡಿರುತ್ತದೆ. ಇದೇ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಗಳು ಹುಳುಹುಪ್ಪಟೆಯ ಜೊತೆ ಇರುವೆಯನ್ನೂ ತಿನ್ನುತ್ತವೆ. ಅವುಗಳಲ್ಲೊಂದು ತಮ್ಮ ಹಿತ್ತಲಿಗೆ ಬರಬಾರದೆ ಎಂದು ಹಾರೈಸಿದ ಯಜಮಾನರೂ ಉಂಟು. ರಾಷ್ಟ್ರಪಕ್ಷಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂದು ಮಗ ತಿಳಿಹೇಳಬೇಕಾಗುತ್ತದೆ.

ಯಜಮಾನರ ವರ್ಷ ಸಂಕ್ರಾಂತಿಯಿಂದ ಶುರು. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ಸಿಪ್ಪೆ ಒಂದೇ ದಿನ ಮನೆಗೆ ನುಗ್ಗುತ್ತವೆ. ಯುಗಾದಿಯ ಹೋಳಿಗೆ, ಗೌರಿ ಹಬ್ಬದ ಕಡುಬು, ದೀಪಾವಳಿಯ ಕಜ್ಜಾಯ, ಪ್ರತಿ ಹಬ್ಬದ ಮರುದಿನ ಅವರಿಗೆ ಪೂರ್ತಿ ಕೆಲಸ. ಮಳೆಗಾಲದ್ದು ಬೇರೆ ಲೆಕ್ಕ. ಗೂಡಿಗೆ ನೀರು ನುಗ್ಗಿದಾಗ ಇರುವೆಗಳು ಬಿಳಿ ಮೊಟ್ಟೆ ಹೊತ್ತು ಒಣಗಿದ ಗೋಡೆ ಸಂದಿ ಹುಡುಕಿ ಬರುತ್ತವೆ. ಹೊತ್ತು ತರುವುದರಲ್ಲಿ ಮೊಟ್ಟೆಗಿಂತ ಮರಿಹುಳು ಮತ್ತು ಕೋಶಗಳೇ ಹೆಚ್ಚು. ಇದನ್ನು ನೋಡಿ ಮಳೆ ಬರುತ್ತದೆಂದು ಹೇಳುವುದು ರೈತರ ರೂಢಿ. ಯಜಮಾನರೂ ಹೇಳುತ್ತಾರೆ, ಮಳೆ ಬಂದು ನಿಂತ ಮೇಲೆ.

ಧರ್ಮದ ವಿಚಾರದಲ್ಲಿ ಇವರ ನಿಲುವು ಇಬ್ಬಂದಿ. ಬೆಳಿಗ್ಗೆ ಬಾಗಿಲಿಗೆ ಅಕ್ಕಿಹಿಟ್ಟಿನ ರಂಗೋಲಿ ಬಿಡುವುದು ಇರುವೆಯಂಥ ಜೀವಗಳಿಗೂ ಒಂದು ತುತ್ತು ಸಿಗಲೆಂದು ಎಂಬ ಮಾತನ್ನು ಅವರು ಒಪ್ಪುತ್ತಾರೆ. ಶನಿಕಾಟವಿದ್ದರೆ ಜ್ಯೋತಿಷಿಯ ಮಾತಿನಂತೆ ಶನಿವಾರ ಇರುವೆ ಗೂಡಿಗೆ ಸಕ್ಕರೆ ಹಾಕಿಯೂ ಬರುತ್ತಾರೆ. ಭಾನುವಾರ ಅದೇ ಗೂಡಿಗೆ ಕುದಿನೀರು ಸುರಿಯುತ್ತಾರೆ. ಸಕ್ಕರೆ ಶನಿದೇವರ ಲೆಕ್ಕಕ್ಕೆ, ಕುದಿನೀರು ಮನೆ ಲೆಕ್ಕಕ್ಕೆ.

ಇಷ್ಟೆಲ್ಲ ಹಗೆತನಕ್ಕೆ ಅವರು ಬಾಯಿಬಿಟ್ಟು ಹೇಳುವ ಕಾರಣ ಶುಚಿತ್ವ. ಹೇಳದ ಕಾರಣ ಇನ್ನೊಂದಿದೆ. ಈ ವಯಸ್ಸಿನ ಯಜಮಾನರಲ್ಲಿ ಹಲವರಿಗೆ ಶುಗರ್. ಮನೆಯಲ್ಲಿ ಸಿಹಿ ಬಂದ್. ಬೀರುವಿನೊಳಗೆ, ಪೆನ್ಷನ್ ಫೈಲಿನ ಹಿಂದೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಉಂಡೆ ಬೆಲ್ಲ ಇರುತ್ತದೆ. ರಾತ್ರಿ ಊಟವಾದ ಮೇಲೆ ಫೈಲು ನೋಡುವ ನೆಪದಲ್ಲಿ ಒಂದು ಚೂರು ಬಾಯಿಗೆ ಹೋಗುತ್ತದೆ. ಬೆಲ್ಲದಿಂದ ಏನೂ ಆಗುವುದಿಲ್ಲ, ಸಕ್ಕರೆಯಿಂದ ಮಾತ್ರ ಆಗುವುದು ಎಂಬುದು ಅವರ ವಾದ. ಬೆಲ್ಲದ ಬಹುಪಾಲೂ ಸಕ್ಕರೆಯೇ ಎಂಬುದು ಡಾಕ್ಟರ ವಾದ. ಇರುವೆಗಳು ಡಾಕ್ಟರ ಕಡೆ. ಅಡುಗೆಮನೆಯ ಸಾಲು ಒಂದು ದಿನ ಹೊಸಿಲು ದಾಟಿ, ನಡುಮನೆಯ ಟೈಲ್ಸ್ ಸಂದಿ ಹಿಡಿದು, ಬೀರುವಿನ ಕೀಲಿನೊಳಗೆ ಮಾಯವಾಗುತ್ತದೆ. ಟಾರ್ಚು ಹಿಡಿದು ಹಿಂದೆ ಬಂದ ಯಜಮಾನರು ಅಲ್ಲಿಗೆ ತನಿಖೆ ನಿಲ್ಲಿಸಿ, “ಇದು ಗೋಡೆ ಕಡೆ ಹೋಗೈತೆ ಬುಡು” ಎಂದು ಷರಾ ಬರೆಯುತ್ತಾರೆ. ಹೆಂಡತಿ ಬೀರು ತೆಗೆಯುತ್ತಾರೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಮಧುಮೇಹ ಗುರುತಿಸುವ ಪದ್ಧತಿ ನಮ್ಮ ಹಳೆಯ ವೈದ್ಯರಲ್ಲಿತ್ತು. ಈ ಸೀಮೆಯಲ್ಲಿ ಬೀರುವಿಗೆ ಮುತ್ತಿದರೂ ರೋಗ ಪತ್ತೆಯಾಗುತ್ತದೆ.

ಇರುವೆಯನ್ನು ನಿಜಕ್ಕೂ ಹೊರಗಿಡುವ ಕ್ರಮಕ್ಕೆ ಯಜಮಾನರ ಅಗತ್ಯ ಹೆಚ್ಚಿಲ್ಲ. ಸಿಹಿ ಮತ್ತು ಜಿಡ್ಡನ್ನು ಗಾಳಿಯಾಡದ ಡಬ್ಬದಲ್ಲಿಡಬೇಕು. ಸಾಲು ಬಂದ ದಾರಿಯನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಬೇಕು. ಇರುವೆಯಷ್ಟೇ ಸತ್ತರೆ ಸಾಲದು, ವಾಸನೆಯ ಗುರುತೂ ಅಳಿಯಬೇಕು. ಬರುವ ಸಂದಿಯನ್ನು ಬಿಳಿ ಸಿಮೆಂಟಿನಿಂದ ಮುಚ್ಚಬೇಕು. ಇದಕ್ಕೂ ಬಗ್ಗದಿದ್ದರೆ ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಉಂಟು: 100 ಮಿ.ಲೀ. ಸಕ್ಕರೆ ನೀರಿಗೆ ಸುಮಾರು 1 ಗ್ರಾಂ ಬೆರೆಸಿ, ಹತ್ತಿಯಲ್ಲಿ ಅದ್ದಿ, ಮಕ್ಕಳಿಗೂ ಸಾಕುಪ್ರಾಣಿಗೂ ಎಟುಕದ ಕಡೆ ಇಡಬೇಕು. ವಿಷ ನಿಧಾನವಾದ್ದರಿಂದ ಇರುವೆಗಳು ಅದನ್ನು ಗೂಡಿಗೆ ಒಯ್ದು ರಾಣಿಗೂ ಮರಿಗೂ ಉಣಿಸುತ್ತವೆ. ಮೊದಲೆರಡು ದಿನ ಸಾಲು ದಪ್ಪವಾಗುತ್ತದೆ, ಸುಮ್ಮನೆ ನೋಡುತ್ತಿರಬೇಕು. ಯಜಮಾನರಿಂದ ಆಗದ ಕೆಲಸ ಇದೊಂದೇ. ಅವರು ಮೊದಲ ಗಂಟೆಯಲ್ಲೇ ಸ್ಪ್ರೇ ಹೊಡೆದಿರುತ್ತಾರೆ. ಆದ್ದರಿಂದ ಬೋರಿಕ್ ಪುಡಿಯನ್ನು ಅವರು ಊರಿಗೆ ಹೋದಾಗ ಇಡುವುದು ಒಳ್ಳೆಯದು, ಹೋಗುವ ಮುಂಚೆ ಬೀರುವಿನ ಬೀಗದ ಕೈ ಇಸ್ಕೊಂಡು.