ಸಪ್ತಾಪುರ ಸ್ತಂಭಪುರಾಣ: ಒಂದು ಶಾಸ್ತ್ರೀಯ ವಿಚಾರಣೆ

ಕಣ್ಣಿಗೂ ಅಂಕಿಗೂ ಇರುವ ಹಳೆಯ ವೈಮನಸ್ಸನ್ನು ಪರೀಕ್ಷಿಸಲು ಧಾರವಾಡದ ಸಪ್ತಾಪುರಕ್ಕಿಂತ ಪ್ರಶಸ್ತ ಕ್ಷೇತ್ರ ಭರತಖಂಡದಲ್ಲಿಲ್ಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ರಾಯಚೂರು, ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಹುಡುಗ ಹುಡುಗಿಯರು ಇಲ್ಲಿನ ಕೋಚಿಂಗ್ ಕ್ಲಾಸುಗಳಲ್ಲಿ ನಕ್ಷೆ ಓದುವ ವಿದ್ಯೆ ಕಲಿಯುತ್ತಾರೆ. ಯುಪಿಎಸ್‌ಸಿ 2011ರಲ್ಲಿ ಪ್ರಿಲಿಮ್ಸ್‌ಗೆ ಸಿಸ್ಯಾಟ್ ತಂದಾಗ ಈ ವಿದ್ಯೆಯೂ ಪಠ್ಯಕ್ರಮದಲ್ಲಿ ಬಂತು. ಕ್ಲಾಸು ಮುಗಿಸಿ ಹೊರಬಿದ್ದರೆ ತಲೆಯ ಮೇಲೆ ಫಲಿತಾಂಶದ ಕಂಬನಕ್ಷೆ ಹೊತ್ತ ಫ್ಲೆಕ್ಸು. ಅಲ್ಲಿಗೆ ಪಠ್ಯಕ್ರಮ ಮುಗಿಯಿತು.

ಪೂರ್ವಪಕ್ಷ: "ಅಂಕಿ ಖರೆ ಇದ್ದ ಮ್ಯಾಲ ಕಂಬ ಹ್ಯಾಂಗ ಸುಳ್ಳಾಗತೈತ್ರೀ?"

ಉತ್ತರಪಕ್ಷವು ಸಪ್ತಾಪುರ ಬಾವಿಯ ಬಳಿ ಒಂದು ಕಾಲ್ಪನಿಕ ಫ್ಲೆಕ್ಸನ್ನು ನೆಟ್ಟು ನಿಲ್ಲಿಸುತ್ತದೆ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89, 2024ರಲ್ಲಿ ಶೇ 73.40. ಬುಡದಲ್ಲಿ ಸೊನ್ನೆ ಇಟ್ಟು ಬರೆದರೆ ಮೊದಲ ಕಂಬ ಎರಡನೆಯದಕ್ಕಿಂತ ಏಳನೇ ಒಂದು ಪಾಲಿನಷ್ಟೇ ಎತ್ತರ. ಬುಡವನ್ನು 70ಕ್ಕೆ ಕತ್ತರಿಸಿ ನೋಡಿ: 13.89ರ ಎದುರು 3.40, ಅಂದರೆ ನಾಲ್ಕು ಪಟ್ಟು! ಕೆಳಗೆ ಚಹಾ ಹೀರುತ್ತಿದ್ದವ ಕತ್ತೆತ್ತಿ, "ಅಯ್ಯಯ್ಯ, ಮುಕ್ಕಾಲು ಮಂದಿ ಢುಮ್ಕಿ ಹೊಡದಾರಲೇ" ಎನ್ನುತ್ತಾನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದದ್ದಾಗಲಿ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದಾಗಲಿ ಯಾವ ಕಂಬದಲ್ಲೂ ಕಾಣುವುದಿಲ್ಲ. ಕಂಬಕ್ಕೆ ಕಾರಣಗಳೊಂದಿಗೆ ಸಂಬಂಧವಿಲ್ಲ. ಕಾರಣ ಹೇಳುವುದು ಸರ್ಕಾರಿ ಟಿಪ್ಪಣಿಯ ಗುಣ.

ಇನ್ನು ಬಾಣಪ್ರಕರಣ. ಜರ್ಮನಿಯ ಮ್ಯೂಲರ್-ಲೈಯರ್ 1889ರಲ್ಲಿ ಒಂದೇ ಉದ್ದದ ಎರಡು ಗೆರೆ ಎಳೆದು, ಒಂದರ ತುದಿಗಳಿಗೆ ಬಾಣದ ಮೊನೆ, ಇನ್ನೊಂದಕ್ಕೆ ಬಾಣದ ಗರಿಯಂತೆ ಹೊರಚಾಚಿದ ಕವಲು ಹಚ್ಚಿದ. ಮೊನೆಯದು ಗಿಡ್ಡ ಕಂಡಿತು, ಕವಲಿನದು ಉದ್ದ. ಸಾಧನೆಯ ಎತ್ತರ ಮೆರೆಸಲೆಂದು ಅಳತೆಗೆರೆಯ ಎರಡೂ ತುದಿಗೆ ಮೊನೆ ಹಚ್ಚುವ ಡಿಟಿಪಿ ಕಲಾವಿದ ತನ್ನ ಗಿರಾಕಿಯನ್ನೇ ಕುಳ್ಳ ಮಾಡುತ್ತಾನೆ. ಈ ಶಾಸ್ತ್ರದಲ್ಲಿ ನ್ಯಾಯ ಎಂಬುದು ಇದ್ದರೆ ಇಷ್ಟೇ.

ವೃತ್ತನಕ್ಷೆಯನ್ನು 1801ರಲ್ಲಿ ಅಚ್ಚು ಹಾಕಿಸಿದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಅದನ್ನು ಚಪ್ಪಟೆಯಾಗಿಯೇ ಬಿಟ್ಟಿದ್ದ. ಮುಂದಿನವರು ಅದಕ್ಕೆ ದಪ್ಪ ಕೊಟ್ಟು ಓರೆ ಮಲಗಿಸಿದರು. ಹಾಗೆ ಮಲಗಿಸಿದಾಗ ಮುಂದಿನ ತುಂಡಿನ ಅಂಚೂ ಕಾಣುತ್ತದೆ, ಕಣ್ಣು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. 2008ರಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ತೋರಿಸಿದ ಇಂಥ ಮಾರುಕಟ್ಟೆ ಪಾಲಿನ ನಕ್ಷೆಯಲ್ಲಿ ಮುಂದಿದ್ದ ಆ್ಯಪಲ್‌ನ ಶೇ 19.5, ಹಿಂದಿದ್ದ 'ಇತರೆ'ಯ ಶೇ 21.2ಕ್ಕಿಂತ ದೊಡ್ಡದಾಗಿ ಕಂಡಿತು. ಹೀಗಾಗಿ ಮೋಸಕ್ಕೆ ಫ್ಲೆಕ್ಸೇ ಬೇಕೆಂಬ ನಿಯಮವೇನಿಲ್ಲ. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ಕಣ್ಣು ಚೆನ್ನಾಗಿ ಅಳೆಯುತ್ತದೆ, ಕೋನ ಮತ್ತು ವಿಸ್ತೀರ್ಣದಲ್ಲಿ ಎಡವುತ್ತದೆ ಎಂದು ಸಂಶೋಧಕರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ಸಂಶಯ ಉಳಿದವರು ಫ್ಲೆಕ್ಸಿನೆದುರು ನಿಂತು ಮೊದಲು ಕಂಬದ ಬುಡದಲ್ಲಿ ಸೊನ್ನೆ ಹುಡುಕಲಿ, ಆಮೇಲೆ ಪರೀಕ್ಷೆ ಬರೆದ ಎಷ್ಟು ಮಂದಿಯಲ್ಲಿ ಇಷ್ಟು ಮಂದಿ ಪಾಸು ಎಂಬುದನ್ನು. ಎರಡೂ ಸಿಗದಿದ್ದರೆ ಉತ್ತರ ಕ್ಲಾಸಿನಲ್ಲಿ ಹೇಳಿಕೊಟ್ಟದ್ದೇ: ಕೊಟ್ಟಿರುವ ದತ್ತಾಂಶ ಸಾಲದು.